ಬೈಲುಕುಪ್ಪೆಗೆ ಟೀಚರಾಗಿ ವಾಪಸ್ ಬರಬೇಕೆಂದರೆ ಏನೇನು ಬೇಕು?

ಪ್ರಶ್ನೆ: ನನ್ನ ಊರು ಕುಶಾಲನಗರ. ನನ್ನ ಜೊತೆ ಟ್ಯೂಷನ್‌ಗೆ ಬರುತ್ತಿದ್ದ ಟಿಬೆಟನ್ ಗೆಳತಿಯೊಬ್ಬಳು ಇದ್ದಾಳೆ. 1989ರಲ್ಲಿ ಪಕ್ಕದ ಟಿಬೆಟನ್ ಕ್ಯಾಂಪ್ ಬೈಲುಕುಪ್ಪೆಯಲ್ಲೇ ಹುಟ್ಟಿದವಳು. ಇಪ್ಪತ್ತೆರಡನೇ ವಯಸ್ಸಿಗೆ ಅಮೆರಿಕಕ್ಕೆ ಹೋದಳು. ಈಗ ನ್ಯೂಯಾರ್ಕಿನಲ್ಲಿ ನರ್ಸ್. ಅಲ್ಲಿನ ಪಾಸ್‌ಪೋರ್ಟೂ ಸಿಕ್ಕಿದೆ. ಒಂದು ವರ್ಷ ಕೆಲಸ ಬಿಟ್ಟು ಬಂದು, ತಾನು ಓದಿದ ಶಾಲೆಯಲ್ಲೇ ಸಂಬಳವಿಲ್ಲದೆ ಇಂಗ್ಲಿಷ್ ಹೇಳಿಕೊಡಬೇಕು ಅಂತ ಹಟ ಹಿಡಿದಿದ್ದಾಳೆ. ಬಿ.ಎಡ್ ಮಾಡಿಲ್ಲ. ಏನೇನು ಕಾಗದಪತ್ರ ಬೇಕು? ಮಕ್ಕಳಿಗೆ ಇದರಿಂದ ನಿಜವಾಗಿ ಉಪಯೋಗ ಆಗುತ್ತದಾ, ಇಲ್ಲ ಅವಳ ಮನಸ್ಸಿನ ಸಮಾಧಾನಕ್ಕೆ ಮಾತ್ರವಾ?

ಉತ್ತರ:

ಟಿಬೆಟನ್ ಶಾಲೆಗಳಲ್ಲಿ ನಾನು ಇಪ್ಪತ್ತಾರು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಕೊನೆಯ ಒಂಬತ್ತು ವರ್ಷ, ಹೊರದೇಶದಿಂದ ಪಾಠ ಮಾಡಲು ಬರುವವರ ಪತ್ರಗಳಿಗೆ ಉತ್ತರ ಬರೆಯುವ ಕೆಲಸವೂ ನನ್ನ ತಲೆಗೇ ಕಟ್ಟಿತ್ತು. ಹಾಗಾಗಿ ನಿಮ್ಮ ಗೆಳತಿಯಂಥವರನ್ನು ಸುಮಾರು ಜನರನ್ನು ನೋಡಿದ್ದೇನೆ. ಉಪಯೋಗ ಆಗುತ್ತದೆ. ಆದರೆ ಅವಳು ಅಂದುಕೊಂಡ ಕಡೆ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಕಾಗದಪತ್ರದ್ದು ಮೊದಲು ಮುಗಿಸೋಣ, ಯಾಕೆಂದರೆ ಹೆಚ್ಚಿನವರು ಮುಗ್ಗರಿಸುವುದು ಅಲ್ಲೇ.

ಅವಳ ಹತ್ತಿರ ಈಗಾಗಲೇ ಟೂರಿಸ್ಟ್ ವೀಸಾ ಇರಬಹುದು. ಅಮೆರಿಕದ ಪಾಸ್‌ಪೋರ್ಟಿಗೆ ಹತ್ತು ವರ್ಷದ್ದು ಸಿಗುತ್ತದೆ. ಅಮ್ಮನನ್ನು ನೋಡಿಕೊಂಡು ಹೋಗಲು ಅದು ಸಾಕು. ವರ್ಷವಿಡೀ ಪಾಠ ಮಾಡಲು ಸಾಲದು. ಟೂರಿಸ್ಟ್ ವೀಸಾದಲ್ಲಿ ದುಡ್ಡು ತೆಗೆದುಕೊಳ್ಳದೆ ಸ್ವಯಂಸೇವೆ ಮಾಡಲು ಅವಕಾಶ ಇದೆ, ಆದರೆ ಒಂದು ತಿಂಗಳ ಮಟ್ಟಿಗೆ ಮಾತ್ರ. "ಸಂಬಳ ತಗೊಳ್ಳಲ್ಲ, ಹಾಗಾಗಿ ಇದು ಕೆಲಸ ಅಲ್ಲ" ಅನ್ನುವ ವಾದ ಇಮಿಗ್ರೇಶನ್ ಕೌಂಟರಿನಲ್ಲಿ ನಡೆಯುವುದಿಲ್ಲ. ಒಂದು ವರ್ಷಕ್ಕೆ ಎಂಪ್ಲಾಯ್‌ಮೆಂಟ್ ವೀಸಾ ಬೇಕು. ಹೆಸರು ಕೇಳಿ ಗಾಬರಿ ಆಗಬೇಡಿ. ಈ ವೀಸಾಕ್ಕೆ ವಿದೇಶಿಯರ ಸಂಬಳ ಇಷ್ಟು ಲಕ್ಷಕ್ಕಿಂತ ಕಡಿಮೆ ಇರಬಾರದು ಅಂತ ಒಂದು ನಿಯಮ ಇದೆ. ನೋಂದಾಯಿತ ಸೇವಾ ಸಂಸ್ಥೆಯಲ್ಲಿ ಗೌರವ ಸೇವೆ ಮಾಡುವವರಿಗೆ ಅದರಿಂದ ವಿನಾಯಿತಿ ಇದೆ. ವೀಸಾದ ಮೇಲೆ ಯಾವ ಸಂಸ್ಥೆ, ಯಾವ ಊರು ಅಂತ ಬರೆದೇ ಕೊಡುತ್ತಾರೆ. ಬೈಲುಕುಪ್ಪೆ ಅಂತ ಬರೆಸಿಕೊಂಡು ಬಂದು ಮುಂಡಗೋಡಿನಲ್ಲಿ ಪಾಠ ಮಾಡುವ ಹಾಗಿಲ್ಲ. ಇಲ್ಲಿಗೆ ಬಂದು ಟೂರಿಸ್ಟ್ ವೀಸಾವನ್ನು ಬದಲಾಯಿಸಿಕೊಳ್ಳೋಣ ಅನ್ನುವುದೂ ಆಗದ ಮಾತು. ಅಲ್ಲಿಂದಲೇ ಮಾಡಿಸಿಕೊಂಡು ಬರಬೇಕು. 180 ದಿನಕ್ಕಿಂತ ಜಾಸ್ತಿಯ ವೀಸಾ ಆದರೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ, ನೋಂದಾಯಿಸಬೇಕು. ಈಗ ಅದು ಆನ್‌ಲೈನಿನಲ್ಲೇ ಆಗುತ್ತದೆ.

ವೀಸಾಕ್ಕೆ ಸಂಸ್ಥೆಯ ಪತ್ರ ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಹಳೇ ಹೆಡ್‌ಮಾಸ್ಟರಿಗೆ ಫೋನ್ ಮಾಡುತ್ತಾರೆ, ಅವರು "ಬಾಮ್ಮಾ, ಬಾ" ಅನ್ನುತ್ತಾರೆ, ಇವರು ಟಿಕೆಟ್ ಮಾಡಿಸಿಬಿಡುತ್ತಾರೆ. ಆ "ಬಾಮ್ಮಾ"ಗೆ ಕಾಗದದಲ್ಲಿ ಬೆಲೆ ಇಲ್ಲ. ನಿಮ್ಮ ಗೆಳತಿ ಓದುವಾಗ ಅದು ಕೇಂದ್ರ ಸರ್ಕಾರದ ಶಾಲೆ ಆಗಿದ್ದಿರಬಹುದು. 1961ರಲ್ಲಿ ಟಿಬೆಟನ್ ಮಕ್ಕಳಿಗಾಗಿ ಭಾರತ ಸರ್ಕಾರವೇ ಒಂದು ಆಡಳಿತ ಮಂಡಳಿ ಮಾಡಿ ಶಾಲೆಗಳನ್ನು ನಡೆಸಿತ್ತು. ನಾವೆಲ್ಲ ಆ ಶಾಲೆಗಳನ್ನು ಸಿಎಸ್‌ಟಿ, ಅಂದರೆ ಸೆಂಟ್ರಲ್ ಸ್ಕೂಲ್ ಫಾರ್ ಟಿಬೆಟನ್ಸ್, ಅಂತಲೇ ಕರೆಯುತ್ತಿದ್ದೆವು. ಕಳೆದ ದಶಕದಲ್ಲಿ ಆ ಶಾಲೆಗಳು ಒಂದೊಂದಾಗಿ ಸಂಭೋಟ ಟಿಬೆಟನ್ ಸ್ಕೂಲ್ಸ್ ಸೊಸೈಟಿಗೆ ಸೇರಿದವು. ಅದರ ಕಚೇರಿ ಧರ್ಮಶಾಲೆಯಲ್ಲಿದೆ. ಅವಳು ಓದಿದ್ದು ಟಿಸಿವಿಯಲ್ಲಾದರೂ, ಅಂದರೆ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಶಾಲೆಯಲ್ಲಾದರೂ, ಮುಖ್ಯ ಕಚೇರಿ ಧರ್ಮಶಾಲೆಯೇ. ಪತ್ರ ಅಲ್ಲಿಂದ ಬರಬೇಕು. ಜೊತೆಗೆ ಅವಳು ಇರುವ ಊರಿನ ಪೊಲೀಸ್ ಕ್ಲಿಯರೆನ್ಸ್ ತೆಗೆಸಿ ಇಟ್ಟುಕೊಳ್ಳಲಿ. ಮಕ್ಕಳ ಹಾಸ್ಟೆಲ್ ಇರುವ ಜಾಗ. ಕೇಳದಿದ್ದರೂ ಕೊಡುವುದು ಒಳ್ಳೆಯದು.

ಇನ್ನು ಎಲ್ಲಕ್ಕಿಂತ ಕಷ್ಟದ್ದು ಪಿಎಪಿ. ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್. ವಿದೇಶಿ ಪಾಸ್‌ಪೋರ್ಟ್ ಇರುವವರು ಬೈಲುಕುಪ್ಪೆ, ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ, ಈ ಯಾವ ಟಿಬೆಟನ್ ಕ್ಯಾಂಪಿನಲ್ಲಿ ಉಳಿಯಬೇಕಾದರೂ ಗೃಹ ಸಚಿವಾಲಯದ ಈ ಪರ್ಮಿಟ್ ಬೇಕು. ಹಗಲು ಹೊತ್ತು ಗೋಲ್ಡನ್ ಟೆಂಪಲ್ ನೋಡಿ ಫೋಟೋ ತೆಗೆದುಕೊಂಡು ಹೋಗುವವರನ್ನು ಯಾರೂ ತಡೆಯುವುದಿಲ್ಲ. ರಾತ್ರಿ ಉಳಿಯುವುದೇ ಬೇರೆ ವಿಷಯ. ದೆಹಲಿಯಲ್ಲಿರುವ ದಲೈ ಲಾಮಾ ಅವರ ಬ್ಯೂರೋ ಈ ಅರ್ಜಿಗೆ ಸಹಾಯ ಮಾಡುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಆರು ತಿಂಗಳು ಮೊದಲೇ ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಕೇಳಿದವರು ಕಡಿಮೆ.

ಕೇಳದವರಲ್ಲಿ ನನ್ನ ಹಳೇ ವಿದ್ಯಾರ್ಥಿನಿಯೂ ಒಬ್ಬಳು. ಯುರೋಪಿನಿಂದ ಬಂದಿದ್ದಳು. ವೀಸಾ ಸರಿಯಾಗಿತ್ತು, ಶಾಲೆಯ ಪತ್ರ ಇತ್ತು, ಪಿಎಪಿ ಮಾತ್ರ ಬಂದಿರಲಿಲ್ಲ. ಅಮ್ಮನ ಮನೆ ಶಾಲೆಯಿಂದ ನಡೆದುಹೋಗುವಷ್ಟು ದೂರ. ಆದರೂ ಐದು ವಾರ ಕುಶಾಲನಗರದ ಲಾಡ್ಜಿನಲ್ಲಿ ಇದ್ದಳು. ದಿನಾ ಸಂಜೆ ಅಮ್ಮ ಸ್ಟೀಲ್ ಕ್ಯಾರಿಯರ್‌ಗೆ ಥುಪ್ಪ, ಅಂದರೆ ಟಿಬೆಟನ್ ನೂಡಲ್ಸ್ ಸೂಪು, ತುಂಬಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಗಂಟು ಹಾಕಿ ಕೊಡುತ್ತಿದ್ದರು. ಮಗಳು ಅದನ್ನು ತೊಡೆ ಮೇಲಿಟ್ಟುಕೊಂಡು ಆಟೋದಲ್ಲಿ ಕಾವೇರಿ ಸೇತುವೆ ದಾಟುತ್ತಿದ್ದಳು. ಈ ದಡ ಮೈಸೂರು ಜಿಲ್ಲೆ, ಆ ದಡ ಕೊಡಗು. ಒಂದು ದಿನ ಆ ತಾಯಿ ನನ್ನನ್ನು ನಿಲ್ಲಿಸಿ, ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದರು: "ಮಾಸ್ತರ್, ಮಗಳು ನಂದು, ಮನೆ ನಂದು. ಮಲಗೋದಕ್ಕೆ ಡೆಲ್ಲಿ ಯಾಕೆ ಕೇಳೋದು?" ನಾನು ನಿಯಮ ವಿವರಿಸಲು ಶುರು ಮಾಡಿದೆ, ಅರ್ಧಕ್ಕೆ ಬಿಟ್ಟೆ.

ನಿಮ್ಮ ಗೆಳತಿಗೆ ಇದು ಹೊಸದೇನೂ ಅಲ್ಲ ಬಿಡಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಾವು ಬಾಯಲ್ಲಿ ನಿರಾಶ್ರಿತರು ಅನ್ನುತ್ತೇವೆ, ದಫ್ತರದಲ್ಲಿ ಟಿಬೆಟನ್ನರು ವಿದೇಶಿಯರು. ಇಲ್ಲಿರುವಾಗ ಆರ್‌ಸಿ, ಅಂದರೆ ಟಿಬೆಟನ್ನರಿಗೆ ಕೊಡುವ ನೋಂದಣಿ ಪತ್ರ, ಹಿಡಿದ ವಿದೇಶಿ ಆಗಿದ್ದಳು, ಈಗ ನೀಲಿ ಪಾಸ್‌ಪೋರ್ಟಿನ ವಿದೇಶಿ. ಒಂದು ಎಚ್ಚರಿಕೆ: ಹಳೇ ಆರ್‌ಸಿ ಅಮ್ಮನ ಟ್ರಂಕಿನಲ್ಲಿ ಇನ್ನೂ ಇದ್ದರೆ, ಅದನ್ನು ತೋರಿಸಿ ಕೆಲಸ ಸಾಧಿಸಲು ಹೋಗಬಾರದು. ಬೇರೆ ದೇಶದ ಪೌರತ್ವ ಪಡೆದ ಮೇಲೆ ಅದನ್ನು ಬಳಸುವುದು ತಪ್ಪು. ಸಿಕ್ಕಿಬಿದ್ದರೆ ಶಾಲೆಯ ಹೆಸರೂ ಕೆಡುತ್ತದೆ.

ಇನ್ನೊಂದು ವಿಷಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನ ತನಕ ಭಾರತದಲ್ಲಿ ಹುಟ್ಟಿದವರು, ಟಿಬೆಟನ್ನರೂ ಸೇರಿ, ಹುಟ್ಟಿನಿಂದಲೇ ಭಾರತದ ಪೌರರು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇದನ್ನು ಒಪ್ಪಿವೆ. ನಿಮ್ಮ ಗೆಳತಿ ಹುಟ್ಟಿದ್ದು 1989ರಲ್ಲಿ. ಎರಡು ವರ್ಷ ತಡ. ಆದರೆ ಅವಳ ಅಪ್ಪ ಅಥವಾ ಅಮ್ಮ 1960ರ ದಶಕದಲ್ಲಿ ಇಲ್ಲೇ ಹುಟ್ಟಿದವರಾಗಿದ್ದರೆ ಲೆಕ್ಕ ಬದಲಾಗುತ್ತದೆ. 1987ರ ಜುಲೈ 1ರಿಂದ 2004ರ ಡಿಸೆಂಬರ್ ಆರಂಭದ ತನಕ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರು ಭಾರತದ ಪೌರರಾಗಿದ್ದರೆ ಸಾಕಿತ್ತು. ಹಾಗಿದ್ದರೆ ಒಸಿಐ, ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡಿನ ಬಗ್ಗೆ ಪೌರತ್ವದ ಕೇಸು ನೋಡುವ ವಕೀಲರ ಹತ್ತಿರ ಒಂದು ಸಲ ಮಾತಾಡುವುದು ಒಳ್ಳೆಯದು. ಆದರೆ ಒಸಿಐ ಬಂದರೆ ಪಿಎಪಿ ತಪ್ಪಿತು ಅಂದುಕೊಳ್ಳಬೇಡಿ. ಒಸಿಐ ಇದ್ದವರಿಗೂ ಸಂರಕ್ಷಿತ ಪ್ರದೇಶಕ್ಕೆ ಪರ್ಮಿಟ್ ಬೇಕೇ ಬೇಕು.

ಕಾಗದದ ಕತೆ ಇಷ್ಟು. ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ಹೆಚ್ಚು ಹೇಳಬೇಕಾಗಿರುವುದು ಇದರ ಬಗ್ಗೆಯೇ.

ಇಂಗ್ಲಿಷ್ ಹೇಳಿಕೊಡುತ್ತೇನೆ ಅಂತ ಬರುವವರು ಬೈಲುಕುಪ್ಪೆಗೆ ಕಡಿಮೆ ಇಲ್ಲ. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಗಿಟಾರ್, ಆರು ವಾರ. ಒಳ್ಳೆಯವರೇ. ಮಕ್ಕಳು ಅವರನ್ನು "ಇಂಜಿ" ಅನ್ನುತ್ತಾರೆ, ಅಂದರೆ ಬಿಳಿಯರು, ಇಂಗ್ಲಿಷಿನವರು. ಹಾಡು, ಆಟ ಎಲ್ಲ ಆಗುತ್ತದೆ. ಹೊರಡುವ ದಿನ ಕುತ್ತಿಗೆ ತುಂಬ ಖಾತಾ (ಗೌರವಕ್ಕೆ ಹಾಕುವ ಟಿಬೆಟನ್ ಶಾಲು), ಕಣ್ಣೀರು. ಮಾರನೇ ದಿನ ನಾವು ಪಾಠ ಎಲ್ಲಿಗೆ ನಿಂತಿತ್ತು ಅಂತ ಹುಡುಕುತ್ತಿದ್ದೆವು. ನಿಮ್ಮ ಗೆಳತಿಯೂ ಅದೇ ಇಂಗ್ಲಿಷ್ ಹೇಳಿಕೊಟ್ಟರೆ, ಅವಳು ಇನ್ನೊಬ್ಬಳು ಇಂಜಿ, ಅಷ್ಟೆ. ಮುಖ ಮಾತ್ರ ಮಕ್ಕಳ ಥರ.

ಅವಳು ಬೇಕಾಗಿರುವುದು ಆರನೇ ಕ್ಲಾಸಿಗೆ. ಯಾಕೆ ಅಂತ ಹೇಳುತ್ತೇನೆ. 2004ರಲ್ಲಿ ಧರ್ಮಶಾಲೆಯಲ್ಲಿರುವ ಟಿಬೆಟನ್ ಆಡಳಿತ ತನ್ನದೇ ಶಿಕ್ಷಣ ನೀತಿ ಮಾಡಿತು. ಅದರ ಪ್ರಕಾರ ಐದನೇ ಕ್ಲಾಸಿನ ತನಕ ಪಾಠ ಟಿಬೆಟನ್ ಭಾಷೆಯಲ್ಲೇ. ಲೆಕ್ಕ, ವಿಜ್ಞಾನ ಎಲ್ಲ. ನಾನು ಇದಕ್ಕೆ ಪೂರ್ತಿ ಪರ. ಚಿಕ್ಕ ಮಕ್ಕಳು ಮನೆ ಮಾತಿನಲ್ಲೇ ಕಲಿಯಬೇಕು, ಕನ್ನಡದ ಮಕ್ಕಳಿಗೂ ನಾನು ಇದನ್ನೇ ಹೇಳುವುದು. ಆದರೆ ಆರನೇ ಕ್ಲಾಸಿಗೆ ಬರುತ್ತಿದ್ದ ಹಾಗೆ ಮೀಡಿಯಂ ಇಂಗ್ಲಿಷ್ ಆಗುತ್ತದೆ, ಮುಂದೆ ಸಿಬಿಎಸ್‌ಇ ಪರೀಕ್ಷೆ. ಅಲ್ಲಿ ಮಕ್ಕಳು ದಬಕ್ಕನೆ ಬೀಳುತ್ತಾರೆ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಐದರ ತನಕ ಲೆಕ್ಕದಲ್ಲಿ ಹುಲಿ ಅಂತ ಅವನ ಗೆನ್-ಲಾ ಹೇಳಿ ಕಳಿಸಿದ್ದರು. ಗೆನ್-ಲಾ ಅಂದರೆ ಟೀಚರು. ಆರಕ್ಕೆ ಬಂದವನು ಟೆಸ್ಟಿನಲ್ಲಿ ಖಾಲಿ ಹಾಳೆ ಕೊಟ್ಟ. ಮುಂದಿನ ಟೆಸ್ಟಿಗೂ ಖಾಲಿ. ನನಗೆ ಟಿಬೆಟನ್ ಬರುವುದು ಅಷ್ಟಕ್ಕಷ್ಟೆ. ಒಂದು ಎರಡು ಮೂರಕ್ಕೆ ಚಿಕ್, ನ್ಯಿ, ಸುಮ್ ಅನ್ನುತ್ತಾರೆ ಅಂತ ಗೊತ್ತಿತ್ತು. ಅದರಿಂದ ಒಂದು ಎಡವಟ್ಟೂ ಆಗುತ್ತಿತ್ತು. ಗಲಾಟೆ ಜಾಸ್ತಿ ಆದಾಗ ನಾನು "ಸುಮ್ನಿರ್ರೋ" ಅಂದರೆ ಅವರ ಕಿವಿಗೆ ಅದು "ಮೂರು ಎರಡು" ಅಂತ ಕೇಳಿಸುತ್ತಿತ್ತು. ಹಿಂದಿನ ಬೆಂಚಿನವನು "ಐದು ಸಾರ್" ಅಂತ ಕೂಗುತ್ತಿದ್ದ, ಗಲಾಟೆ ಇನ್ನೂ ಜಾಸ್ತಿ.

ಆ ವರ್ಷ ಹಳೇ ವಿದ್ಯಾರ್ಥಿ ಒಬ್ಬ ಅಮೆರಿಕದಿಂದ ಬಂದಿದ್ದ. ಖಾಲಿ ಹಾಳೆಯ ಹುಡುಗನ ಪಕ್ಕ ಅವನನ್ನು ಕೂರಿಸಿದೆ. ಅದೇ ಪ್ರಶ್ನೆಯನ್ನು ಅವನು ಟಿಬೆಟನ್‌ನಲ್ಲಿ ಓದಿದ. ಓದಿ ಮುಗಿಸುವ ಮುಂಚೆಯೇ ಹುಡುಗ ಉತ್ತರ ಹೇಳಿಬಿಟ್ಟ. ಅವನನ್ನು ಕಟ್ಟಿಹಾಕಿದ್ದು "ರಿಮೇಂಡರ್" ಅನ್ನುವ ಒಂದೇ ಒಂದು ಶಬ್ದ. ಲೆಕ್ಕ ಪೂರ್ತಿ ಗೊತ್ತಿತ್ತು. ಅವತ್ತು ಇಬ್ಬರೂ ಒಂದು ನೋಟ್‌ಬುಕ್ ಶುರು ಮಾಡಿದರು. ಎಡಗಡೆ ಟಿಬೆಟನ್ ಪದ, ಬಲಗಡೆ ಇಂಗ್ಲಿಷ್, ಮಧ್ಯದಲ್ಲಿ ಒಂದು ಪುಟ್ಟ ಚಿತ್ರ. ದಿನಕ್ಕೆ ಐದಾರು ಪದ. ಒಂದು ತಿಂಗಳಾದ ಮೇಲೆ ಆ ನೋಟ್‌ಬುಕ್ ಹಾಸ್ಟೆಲ್ ಪೂರ್ತಿ ಸುತ್ತುತ್ತಿತ್ತು. ವಾಪಸ್ ಬಂದಾಗ ಅಂಚಿಗೆಲ್ಲ ಮೊಮೊ ಚಟ್ನಿ ಕಲೆ. ನಾನು ಅಷ್ಟು ವರ್ಷದಲ್ಲಿ ಮಾಡಲಾಗದ ಕೆಲಸ ಅದು. ಯಾವ ಇಂಜಿಗೂ ಆಗುವುದಿಲ್ಲ. ಎರಡೂ ಭಾಷೆಯಲ್ಲಿ ಓದಿ, ಎರಡರಲ್ಲೂ ಬಿದ್ದು ಎದ್ದವರಿಗೆ ಮಾತ್ರ ಆಗುತ್ತದೆ.

ನಿಮ್ಮ ಗೆಳತಿ ನರ್ಸ್ ಬೇರೆ. ಹಾಗಾದರೆ ಆರು, ಏಳನೇ ಕ್ಲಾಸಿನ ವಿಜ್ಞಾನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇನ್ನೊಂದೂ ಇದೆ. ಟಿಬೆಟನ್ ಹಾಸ್ಟೆಲ್‌ಗಳಲ್ಲಿ ಕ್ಷಯ ದೊಡ್ಡ ತಲೆನೋವು. ಧರ್ಮಶಾಲೆಯ ಡೆಲೆಕ್ ಆಸ್ಪತ್ರೆಯವರು ಜಾನ್ಸ್ ಹಾಪ್ಕಿನ್ಸ್‌ನವರ ಜೊತೆ ಸೇರಿ ಶಾಲೆ ಶಾಲೆಗೆ ಹೋಗಿ ತಪಾಸಣೆ ಮಾಡಿದ್ದಾರೆ. ಕೆಮ್ಮು ಎರಡು ವಾರ ದಾಟಿದರೆ ಯಾಕೆ ಮುಚ್ಚಿಡಬಾರದು, ಮಾತ್ರೆ ಅರ್ಧಕ್ಕೆ ಯಾಕೆ ನಿಲ್ಲಿಸಬಾರದು ಅಂತ ಮಕ್ಕಳಿಗೆ ಅವರ ಭಾಷೆಯಲ್ಲೇ, ಅದೇ ಹಾಸ್ಟೆಲಿನಲ್ಲಿ ಮಲಗಿದ್ದ ಅಕ್ಕ ಹೇಳಿದರೆ ಕಿವಿಗೆ ಹೋಗುತ್ತದೆ. ಆದರೆ ಹೇಳಿಕೊಡುವುದು ಮಾತ್ರ. ಇಂಜೆಕ್ಷನ್ ಕೊಡಲು, ಡ್ರಿಪ್ ಹಾಕಲು ಇಲ್ಲಿನ ನರ್ಸಿಂಗ್ ನೋಂದಣಿ ಬೇಕು. ಯಾರಾದರೂ ಪ್ರೀತಿಯಿಂದ ಕರೆದರೂ ಹೋಗಬಾರದು.

ಬಿ.ಎಡ್ ಇಲ್ಲ ಅಂತ ಚಿಂತೆ ಬೇಡ. ಹಾಗಂತ ಒಂದು ಕ್ಲಾಸನ್ನು ಪೂರ್ತಿ ತನಗೇ ಕೊಡಿ ಅಂತ ಕೇಳಲೂಬಾರದು. ಇರುವ ಟೀಚರ್ ಪಕ್ಕ ನಿಂತು ಮಾಡಲಿ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಆ ಟೀಚರ್ ಅವಳ ಜೊತೆಯಲ್ಲೇ ಓದಿದವಳೇ ಆಗಿರಬಹುದು. ಬಿ.ಎಡ್ ಮಾಡಿ, ಇಲ್ಲೇ ಉಳಿದು, ಹದಿನೈದು ವರ್ಷದಿಂದ ಅದೇ ಕ್ಲಾಸಿಗೆ ಪಾಠ ಮಾಡುತ್ತಿರುವವಳು. ಹೊರಗಿಂದ ಬಂದವಳಿಗೆ ಅಸೆಂಬ್ಲಿಯಲ್ಲಿ ಖಾತಾ, ಚಪ್ಪಾಳೆ. ಉಳಿದವಳಿಗೆ ಅದೇ ಸಂಬಳ, ಅದೇ ಬೆಂಚು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಇದು ಎಷ್ಟು ಕೆಟ್ಟಿತೆಂದರೆ, ಗೆಳತಿಯರಾಗಿದ್ದ ಇಬ್ಬರು ಸ್ಟಾಫ್ ರೂಮಿನಲ್ಲಿ ಬೇರೆ ಬೇರೆ ಮೂಲೆಯಲ್ಲಿ ಟೀ ಕುಡಿಯುತ್ತಿದ್ದರು. ಬಂದವಳು ಕೆಟ್ಟವಳಲ್ಲ. "ಅಲ್ಲಿ ನಾವು ಹೀಗೆ ಮಾಡ್ತೀವಿ" ಅನ್ನುವ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು, ಅಷ್ಟೆ. ಮೊದಲ ಮೂರು ವಾರ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತು ನೋಡು ಅಂತ ನಿಮ್ಮ ಗೆಳತಿಗೆ ಹೇಳಿ.

ಇನ್ನು ಮಕ್ಕಳು. ಅವಳು ಕ್ಲಾಸಿಗೆ ಕಾಲಿಟ್ಟ ದಿನವೇ ಒಂದು ಪ್ರಶ್ನೆ ಬರುತ್ತದೆ, ಬರೆದಿಟ್ಟುಕೊಳ್ಳಿ: "ಆಚಾ-ಲಾ, ಅಮೆರಿಕಕ್ಕೆ ಹೋಗೋದು ಹೇಗೆ?" ಆಚಾ-ಲಾ ಅಂದರೆ ಅಕ್ಕ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೈಸೂರು ರಾಜ್ಯ ಇಲ್ಲಿ ಸುಮಾರು 3000 ಎಕರೆ ಕಾಡು ಕೊಟ್ಟಿದ್ದು 1960ರಲ್ಲಿ. ದಲೈ ಲಾಮಾ ಗಡಿ ದಾಟಿ ಬಂದು ಆಗಿನ್ನೂ ಒಂದು ವರ್ಷ. ಅವಳ ಅಜ್ಜ ಅಜ್ಜಿಯ ಕಾಲದವರು ಆನೆ ಓಡಿಸಿ, ಮರ ಕಡಿದು, ಮುಸುಕಿನ ಜೋಳ ಹಾಕಿದರು. 1969ರಲ್ಲಿ ಪಕ್ಕದಲ್ಲೇ ಇನ್ನೊಂದು ವಸತಿ ಬಂತು. ಈಗ ಅದೇ ಕ್ಯಾಂಪುಗಳಲ್ಲಿ ಎಷ್ಟೋ ಮನೆಗಳಲ್ಲಿ ಮೊ-ಲಾ ಒಬ್ಬರೇ, ಅಂದರೆ ಅಜ್ಜಿ. ಅಪ್ಪ ಅಮ್ಮ ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ಊರಿಗೆ, ಅಣ್ಣ ಅಕ್ಕ ಪ್ಯಾರಿಸ್ಸಿಗೋ ಟೊರಾಂಟೋಗೋ ನ್ಯೂಯಾರ್ಕಿಗೋ. 2009ರ ಟಿಬೆಟನ್ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು 94,000 ಜನ ಇದ್ದರು. ಆಮೇಲೆ ಇಳಿಯುತ್ತಲೇ ಇದೆ. ಮಕ್ಕಳು ಸಾಲದೆ ಶಾಲೆಗಳು ಒಂದರೊಳಗೊಂದು ಸೇರಿಕೊಂಡಿವೆ. ಅಂಥ ಕ್ಲಾಸಿನಲ್ಲಿ ನಿಮ್ಮ ಗೆಳತಿ ನಿಂತರೆ, ಅವಳು ಬಾಯಿ ಬಿಡುವ ಮುಂಚೆಯೇ ಮಕ್ಕಳು ಒಂದು ಪಾಠ ಕಲಿತಾಗಿರುತ್ತದೆ: ಹೋದರೆ ಹೀಗೆ ಆಗಬಹುದು. ಒಳ್ಳೇ ಶೂ, ಒಳ್ಳೇ ಫೋನು, ಒಂದು ವರ್ಷ ಕೆಲಸ ಬಿಡುವಷ್ಟು ದುಡ್ಡು.

ಇದಕ್ಕೆ ಅವಳು ಏನು ಮಾಡಬೇಕು? ಹೋಗಬೇಡಿ ಅಂತ ಭಾಷಣ ಮಾಡಿದರೆ ಮಕ್ಕಳು ನಗುತ್ತಾರೆ. ನೀವು ಹೋದಿರಲ್ಲ ಅನ್ನುತ್ತಾರೆ. ಸರಿಯಾಗಿಯೇ ಅನ್ನುತ್ತಾರೆ. ನಾನು ನೋಡಿದ್ದರಲ್ಲಿ ಕೆಲಸ ಮಾಡಿದ್ದು ಒಂದೇ. ನೋಟ್‌ಬುಕ್ ಶುರು ಮಾಡಿದ್ದ ಆ ಅಮೆರಿಕದ ಹಳೇ ವಿದ್ಯಾರ್ಥಿ ಒಂದು ಶನಿವಾರ ಬೋರ್ಡಿನ ಮೇಲೆ ತನ್ನ ಮೊದಲ ವರ್ಷದ ಲೆಕ್ಕ ಬರೆದ. ಎಷ್ಟು ದುಡಿದೆ, ರೂಮಿಗೆ ಎಷ್ಟು ಹೋಯಿತು, ಒಂದು ರೂಮಿನಲ್ಲಿ ಎಷ್ಟು ಜನ, ವಕೀಲರಿಗೆ ಎಷ್ಟು, ಮನೆಗೆ ಎಷ್ಟು ಕಳಿಸಿದೆ, ಕಾಗದ ಬರಲು ಎಷ್ಟು ವರ್ಷ ಕಾದೆ, ಆ ಮಧ್ಯೆ ತೀರಿಕೊಂಡ ಪೊ-ಲಾನ ಮುಖ ನೋಡಲಿಲ್ಲ ಅನ್ನುವುದೂ. ಪೊ-ಲಾ ಅಂದರೆ ತಾತ. ಕೊನೆಗೆ "ರಿಮೇಂಡರ್ ಎಷ್ಟು?" ಅಂತ ಕೇಳಿದ. ಕ್ಲಾಸು ನಗಲಿಲ್ಲ, ಲೆಕ್ಕ ಮಾಡಿತು. ಹೋಗುವವರು ಹೋದರು, ಅದು ಬೇರೆ. ಕಣ್ಣು ಬಿಟ್ಟುಕೊಂಡು ಹೋದರು.

ಉಡುಗೊರೆಯ ವಿಷಯ ಎರಡೇ ಮಾತು. ಒಂದು ಮಗುವಿಗೆ ಶೂ ಕೊಟ್ಟು ಇನ್ನೊಂದಕ್ಕೆ ಬಿಟ್ಟರೆ ಹಾಸ್ಟೆಲಿನಲ್ಲಿ ರಾತ್ರಿ ಜಗಳ. ಕೊಡುವುದಿದ್ದರೆ ಶಾಲೆಗೆ ಕೊಡಲಿ, ಅದೂ ಕೇಳಿ. ಒಬ್ಬರು ಎರಡು ಸೂಟ್‌ಕೇಸ್ ತುಂಬ ಹಿಮದಲ್ಲಿ ಆಡುವ ಮಕ್ಕಳ ಕತೆ ಪುಸ್ತಕ ತಂದಿದ್ದರು. ನಮಗೆ ಆಗ ಬೇಕಾಗಿದ್ದದ್ದು ವಿಜ್ಞಾನದ ಲ್ಯಾಬಿಗೆ ಎರಡು ಡಜನ್ ಟೆಸ್ಟ್ ಟ್ಯೂಬು. ಅದು ಮೈಸೂರಿನಲ್ಲೇ ಸಿಗುತ್ತಿತ್ತು.

ಒಂದು ವರ್ಷ ಅಂದಿದ್ದಾಳಲ್ಲ, ಅದನ್ನು ಶಾಲೆಯ ವರ್ಷಕ್ಕೆ ಹೊಂದಿಸಿಕೊಳ್ಳಲಿ. ಅಲ್ಲಿನ ರಜೆ ನೋಡಿಕೊಂಡು ನಡುವೆ ಬಂದು ನಡುವೆ ಹೋಗುವುದು ಬೇಡ. ಮೊದಲು ಶಾಲೆಯ ಕ್ಯಾಲೆಂಡರ್ ತರಿಸಿಕೊಳ್ಳಲಿ. ಲೋಸಾರ್, ಅಂದರೆ ಟಿಬೆಟನ್ ಹೊಸ ವರ್ಷ, ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಬರುತ್ತದೆ, ಆಗ ಪಾಠ ನಡೆಯುವುದಿಲ್ಲ. ಶಾಲೆಗೆ ಬರೆಯುವ ಪತ್ರ ಟಿಬೆಟನ್‌ನಲ್ಲೇ ಇರಲಿ, ಕೈಬರಹದಲ್ಲಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ. "ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ" ಅಂತ ಬರೆಯದೆ "ನಿಮಗೆ ಯಾವ ಕ್ಲಾಸಿಗೆ ಏನು ಬೇಕು?" ಅಂತ ಕೇಳಲಿ. ಉತ್ತರ ಬರಲು ತಡ ಆದರೆ ಬೇಜಾರು ಮಾಡಿಕೊಳ್ಳದೆ ಇನ್ನೊಂದು ಬರೆಯಲಿ.

ಕೊನೆಗೆ ನಿಮಗೇ ಒಂದು ಪ್ರಶ್ನೆ. ನಿಮ್ಮ ಮನೆ ಕುಶಾಲನಗರದಲ್ಲಿ ಅಂದಿರಿ. ಪಿಎಪಿ ಎಷ್ಟು ಬೇಗ ಹಾಕಿದರೂ ಒಂದೊಂದು ಸಲ ಹಿಂದೆ ಬೀಳುತ್ತದೆ. ಹಾಗೇನಾದರೂ ಆದರೆ ಅವಳಿಗೆ ಒಂದು ರೂಮು ಇದೆಯಾ? ಇದ್ದರೆ ಲಾಡ್ಜಿನ ಖರ್ಚು ಉಳಿಯುತ್ತದೆ. ಒಂದೇ ಮಾತು, ಮನೆಯಲ್ಲಿ ವಿದೇಶಿಯರು ಉಳಿದರೂ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಲಾಡ್ಜಿನವರು ಸಿ ಫಾರ್ಮ್ ಅನ್ನುತ್ತಾರಲ್ಲ, ಅದೇ. ಬಾಲ್ಯದ ಗೆಳತಿ ಅಂತ ಬಿಟ್ಟುಬಿಡಬೇಡಿ. ಮತ್ತೆ ಸಂಜೆ ಅವಳ ಅಮ್ಮ ಕ್ಯಾರಿಯರ್ ಕಳಿಸುತ್ತಾರೆ, ನೀವು ಅಡುಗೆ ಮಾಡಲು ಹೋಗಬೇಡಿ. ಇಬ್ಬರಿಗೆ ಆಗುವಷ್ಟು ಇರುತ್ತದೆ.